ಸ್ಪೇಸ್ ಎಕೋ ಒಳಗ ರಿವರ್ಬ್ ಬರತೈತಿ, ಎಕೋ ಬರವಲ್ದು. ರಿಪೇರಿ ಮಾಡಸ್ಲೋ, ಕೊಟ್ಟ ಬಿಡ್ಲೋ?

ತಿಳಕವಾಡಿ_ತಂತಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ದೊಡ್ಡಪ್ಪಾರು ಮೊದಲ ಬೆಳಗಾವ್ಯಾಗ ಆರ್ಕೆಸ್ಟ್ರಾ ನಡಸ್ತಿದ್ರು. ಅವರ ಸಾಮಾನದಾಗ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ, ಅಂದ್ರ ಹಾಡಿಗೆ, ವಾದ್ಯಕ್ಕ ಎಕೋ ಕೊಡೂ ಟೇಪಿನ ಮಷೀನು, ಒಂದು ಉಳದೈತಿ. ಹಿಂದ 100 ವೋಲ್ಟ್ ಅಂತ ಬರದಾರ, ಅದಕ್ಕಂತ ಲೈನಿನ ವೋಲ್ಟ್ ಇಳಸೂ ಒಂದು ಸ್ಟೆಪ್ ಡೌನ್ ಡಬ್ಬಿನೂ ಐತಿ.

ಹಚ್ಚಿ ನೋಡಿದ್ನಿ. ಲೈಟ್ ಬರತೈತಿ, ಟೇಪ್ ತಿರಗತೈತಿ, ಮೀಟರಿನ ಮುಳ್ಳು ಕುಣೀತೈತಿ. ಮೋಡ್ ಸ್ವಿಚ್ 12ಕ್ಕ ಇಟ್ರ ರಿವರ್ಬ್ (ದೊಡ್ಡ ಖೋಲ್ಯಾಗ ಹಾಡಿದಂಗ ಕೇಳೂ ಗುಂಗು) ಅಗದಿ ಚೊಲೊ ಬರತೈತಿ. ಆದ್ರ 1ರಿಂದ 4ರ ತನಕ ಎಲ್ಲೆ ಇಟ್ರೂ ಎಕೋ ಹೆಸರಿಗಷ್ಟ. ವಾಲ್ಯೂಮ್ ಪೂರ್ತಿ ಏರಿಸಿದ್ರ ಮಬ್ಬಾಗಿ, ಅಲುಗಾಡಿಕೋತ ಕೇಳಸ್ತೈತಿ. ಇಲ್ಲೆ ಒಬ್ಬ ಅಂಗಡಿಯವರಿಗೆ ತೋರಿಸಿದ್ನಿ. "ಇದರ ಬೋರ್ಡ್ ಹೋಗೇತಿ, ಪಾರ್ಟ್ ಸಿಗೂದಿಲ್ಲ, ನನಗ ಕೊಡ್ರಿ, ಹೊಸಾ ಡಿಜಿಟಲ್ ಎಕೋ ಕೊಡ್ತೀನಿ" ಅಂದ್ರು. ಮನ್ಯಾಗೂ ಹೌದಂತಾರ. ನನಗ ಕೊಡೂ ಮನಸಿಲ್ಲ. ತಿಳದವ್ರು ಹೇಳ್ರಿ.

ಸೋಲ್ಡರ್_ಕಾಕಾ

ಕೊಡಬ್ಯಾಡ ತಮ್ಮಾ. ಮುಂದಿಂದು ಆಮ್ಯಾಲ ಮಾತಾಡೂಣು.

ವಿಜಾಪುರ_ಸೌಂಡ್

ರಿವರ್ಬ್ ಸರಿಯಾಗಿ ಬರ್ಲಿಕ್ಕತ್ತದ ಅಂದ್ರ ಬೋರ್ಡ್ ಹೋಗ್ಯದ ಅನ್ನೂದು ಹೆಂಗ? ಮೈಕಿನ ಪ್ರೀಆಂಪ್ ಸರಿ ಅದ, ಪವರ್ ಸಪ್ಲೈ ಸರಿ ಅದ, ಔಟ್‌ಪುಟ್ ಸರಿ ಅದ. ಆ ಅಂಗಡಿಯವರು ಮ್ಯಾಲಿನ ಮುಚ್ಚಳಾನರೆ ತಗದ ನೋಡಿದ್ರೇನು?

ತಿಳಕವಾಡಿ_ತಂತಿ

ಇಲ್ರಿ. ಹಿಂದಿನ ಸ್ಟಿಕ್ಕರ್ ನೋಡಿದ್ರು, ಫೋಟೋ ತಗೊಂಡ್ರು.

ಸೋಲ್ಡರ್_ಕಾಕಾ

ಅವರಿಗೆ ಅದರ ಬೆಲಿ ಗೊತ್ತೈತಿ ಅಂತಾತು. ಈಗ ಲಕ್ಷ್ಯ ಕೊಟ್ಟ ಕೇಳು.

ಈ ಮಷೀನು 1974ರಾಗ ಬಂದದ್ದು. ಇದರಾಗ ಎರಡು ಬ್ಯಾರೆ ಬ್ಯಾರೆ ಕೆಲಸ ಅದಾವು. ರಿವರ್ಬ್ ಬರೂದು ಒಳಗಿನ ಸ್ಪ್ರಿಂಗಿನಿಂದ, ಅದಕ್ಕ ಟೇಪಿನ ಸಂಬಂಧನ ಇಲ್ಲ. ಎಕೋ ಬರೂದು ಟೇಪಿನಿಂದ. ಪಾರದರ್ಶಕ ಮುಚ್ಚಳದ ಕೆಳಗ ಕಾಲಿಂಚಿನ ಟೇಪು ರೀಲ್ ಇಲ್ಲದ ಸಡಿಲಾಗಿ ಮಡಚಿಕೊಂಡು ಬಿದ್ದಿರತೈತಿ, ಎರಡೂ ತುದಿ ಜೋಡಿಸಿದ ಬಳಿ ಅದು. ದಾರಿಯೊಳಗ ದನಿ ಅಳಿಸೂ ಒಂದು ಇರೇಸ್ ಹೆಡ್, ದನಿ ತುಂಬೂ ಒಂದು ರೆಕಾರ್ಡ್ ಹೆಡ್, ಆಮ್ಯಾಲ ಅದನ್ನ ಕೇಳಸೂ ಮೂರು ಪ್ಲೇಬ್ಯಾಕ್ ಹೆಡ್. ರೆಕಾರ್ಡ್ ಆದ ದನಿ ಒಂದೊಂದ ಪ್ಲೇಬ್ಯಾಕ್ ಹೆಡ್ ಮುಂದ ಬಂದಾಗ ಒಂದೊಂದು ಸಲ ಕೇಳಸ್ತೈತಿ. ಲೆಕ್ಕ ಸರಳ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡತಿದ್ರ, ರೆಕಾರ್ಡ್ ಹೆಡ್‌ನಿಂದ 3.8 ಸೆಂಟಿಮೀಟರ್ ದೂರದ ಹೆಡ್ಡಿಗೆ ದನಿ ಮುಟ್ಟಾಕ 200 ಮಿಲಿಸೆಕೆಂಡ್ ಬೇಕು. ರಿಪೀಟ್ ರೇಟ್ ತಿರುವಿದ್ರ ಮೋಟರಿನ ವೇಗ ಬದಲಾಗತೈತಿ, ಎಕೋದ ಅಂತರ ಬದಲಾಗತೈತಿ.

ನಿನ್ನ ಮಷೀನಿನೊಳಗ ಎಕೋ ಪೂರ್ತಿ ಸತ್ತಿಲ್ಲ, ಮಬ್ಬ ಆಗೇತಿ. ಮಬ್ಬ ಅಂದ್ರ ಹೆಡ್ಡಿನ ಮ್ಯಾಲ ಹೊಲಸ. ಅಲುಗಾಟ ಅಂದ್ರ ಟೇಪನ್ನ ಒತ್ತಿ ಹಿಡಿಯೂ ರಬ್ಬರಿನ ಪಿಂಚ್ ರೋಲರ್, ಇಲ್ಲಾ ಟೇಪು. ಮೊದಲ ಬರೇ ಸ್ವಚ್ಛ ಮಾಡು. 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ತಗೋ, ಕಿವಿ ಕಡ್ಡಿ ತಗೋ, ಹೆಡ್ಡಿನ ಮಾರಿ ಮ್ಯಾಲ ಟೇಪ್ ಹೋಗೂ ದಿಕ್ಕಿನೊಳಗ ಸಾವಕಾಶ ಒರಸು. ಕಡ್ಡಿಗೆ ಕಂದು ಬಣ್ಣದ ಪುಡಿ ಹತ್ತಿ ಬರತೈತಿ, ಅದು ಟೇಪಿನಿಂದ ಉದುರಿದ ಐರನ್ ಆಕ್ಸೈಡ್. ಕಡ್ಡಿ ಬೆಳ್ಳಗ ಬರೂ ತನಕ ಬಿಡಬ್ಯಾಡ. ಕ್ಯಾಪ್‌ಸ್ಟನ್ ಅಂತ ಟೇಪ್ ಎಳಿಯೂ ಉಕ್ಕಿನ ಕಡ್ಡಿ ಇರತೈತಲ್ಲ, ಅದಕ್ಕೂ ಮೆತ್ತಿಕೊಂಡಿರತೈತಿ, ಉಗುರು ಹಚ್ಚಬ್ಯಾಡ, ಆಲ್ಕೋಹಾಲಿನಿಂದನ ನೆನಸಿ ತಗಿ.

ಜಮಖಂಡಿ_ಕೀಬೋರ್ಡ್

ರಬ್ಬರ್ ರೋಲರಿಗೆ ಆಲ್ಕೋಹಾಲ್ ಹಚ್ಚಬ್ಯಾಡ್ರಿ, ರಬ್ಬರ್ ಒಣಗಿ ಬಿರಿತೈತಿ. ಅದಕ್ಕ ಸೋಪಿನ ನೀರು ಸಾಕು. ಮತ್ತ ಮನ್ಯಾಗಿನ ಹ್ಯಾಂಡ್ ಸ್ಯಾನಿಟೈಸರ್ ಬಳಸಾಕ ಹೋಗಬ್ಯಾಡ್ರಿ. ಅದರಾಗ ನೀರು, ಗ್ಲಿಸರಿನ್ ಇರತಾವು, ಹೆಡ್ಡಿನ ಮ್ಯಾಲ ಜಿಗಟ ಕುಂದರತೈತಿ.

ಫಜ್_ಬಾಗಲಕೋಟ

ಸ್ವಚ್ಛ ಮಾಡುವುದೆಲ್ಲ ಸರಿ. ಆದರೆ ಐವತ್ತು ವರ್ಷದ ಹಿಂದಿನ ವಿನ್ಯಾಸ ಇದು. ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳೆಲ್ಲ ಒಣಗಿರುತ್ತವೆ. ನನ್ನ ಅಭಿಪ್ರಾಯದಲ್ಲಿ ಮೊದಲು ಎಲ್ಲವನ್ನೂ ಬದಲಿಸಿ, ಆಮೇಲೆ ಉಳಿದದ್ದು ನೋಡಿ. ಹಾಗೇ ಹಚ್ಚಿ ಬಳಸುವುದು ಅಪಾಯ.

ಸೋಲ್ಡರ್_ಕಾಕಾ

ಇದಕ್ಕ ನಾ ಒಪ್ಪೂದಿಲ್ಲ. ಕೆಟ್ಟದ್ದನ್ನ ಹುಡುಕಿ ಅದನ್ನ ತಗಿಬೇಕು. ಎಲ್ಲಾ ಒಮ್ಮೆಲೆ ಕಿತ್ತಿದ್ರ ಮೂಲ ದೋಷ ಯಾವುದು ಅಂತ ಎಂದೂ ತಿಳಿಯೂದಿಲ್ಲ. ಆ ಕಾಲದ ಬೋರ್ಡಿನ ತಾಮ್ರದ ಪಟ್ಟಿ ಭಾಳ ನಾಜೂಕ, ಐರನ್ ಎರಡು ಸಲ ಹೆಚ್ಚಿಗೆ ಹಚ್ಚಿದ್ರ ಎದ್ದ ಬರತೈತಿ. ರಿಪೇರಿಗೆ ಬಂದ ಸೆಟ್ಟಿನೊಳಗ ವಯಸ್ಸಿನಿಂದ ಕೆಟ್ಟದ್ದಕ್ಕಿಂತ ಕೈಯಿಂದ ಕೆಟ್ಟದ್ದು ನಾ ಹೆಚ್ಚ ನೋಡೀನಿ.

ಫಜ್_ಬಾಗಲಕೋಟ

ಕಾಕಾ, ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳಾದರೂ? ಅವು ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. 100 ವೋಲ್ಟಿನ ಆ ಟ್ರಾನ್ಸ್‌ಫಾರ್ಮರ್ ಮತ್ತೆ ಎಲ್ಲಿ ಸಿಗಬೇಕು?

ಸೋಲ್ಡರ್_ಕಾಕಾ

ಫಿಲ್ಟರ್ ಕೆಪಾಸಿಟರ್ ಬದಲಿ ಮಾಡು, ಅದಕ್ಕ ನನ್ನ ತಕರಾರಿಲ್ಲ. ಆದ್ರ ಗುಂಯ್ ಅನ್ನೂ ಹಮ್ ಐತೇನು ಮೊದಲ ಕೇಳು, ಉಬ್ಬ್ಯಾವೇನು ನೋಡು, ಇಎಸ್‌ಆರ್ ಮೀಟರ್ (ಕೆಪಾಸಿಟರ್ ಒಣಗೇತೇನು ಅಂತ ತೋರಸೂದು) ಇದ್ರ ಹಿಡಿದ ನೋಡು. ಉಳಿದ ಸಣ್ಣವು ತಮ್ಮ ಕೆಲಸ ಮಾಡತಿದ್ರ ಅವನ್ನ ಯಾಕ ಮುಟ್ಟಬೇಕು?

ವಿಜಾಪುರ_ಸೌಂಡ್

ತಂತಿ ಅವರ, ಒಂದು ಮಾತು. ಹಚ್ಚೂ ಮೊದಲ ಆ ಸ್ಟೆಪ್ ಡೌನ್ ಡಬ್ಬಿ ಎಷ್ಟು ವೋಲ್ಟ್ ಕೊಡ್ತದ ಮೀಟರ್ ಹಿಡಿದು ನೋಡ್ರಿ. ನಮ್ಮ ಕಡೆ ಸಿಗೂವು ಬಹಳಷ್ಟು 110 ವೋಲ್ಟಿನವು. 100ರ ಮಷೀನಿಗೆ 110 ಅಂದ್ರ ಹತ್ತು ಪ್ರತಿಶತ ಜಾಸ್ತಿ. ಲೈನ್ 230 ಇರೂ ಕಡೆ 245 ಬಂದ್ರ ಅದೂ ಏರ್ತದ, 117ಕ್ಕ ಹೋಗ್ತದ. ಜಾತ್ರಿಯೊಳಗ ಜನರೇಟರ್ ಮ್ಯಾಲ ಹಚ್ಚಿದ್ರ ಕೇಳೂದೇ ಬ್ಯಾಡ. ಎಷ್ಟೋ ಜಪಾನಿ ಸಾಮಾನು ಸತ್ತದ್ದು ಹಿಂಗ, ಯಾರೋ ನೇರ 230ಕ್ಕ ಚುಚ್ಚಿ, ಇಲ್ಲಾ ದಿನಾ ಸ್ವಲ್ಪ ಸ್ವಲ್ಪ ಸುಟ್ಟು.

ಸೋಲ್ಡರ್_ಕಾಕಾ

ಅಗದಿ ಖರೇ. ಮತ್ತ ಸೀರೀಸ್ ಬೋರ್ಡ್ ಇಲ್ಲದ ಹಳೇ ಸೆಟ್ ಹಚ್ಚಲೇಬಾರದು. ಸ್ಟೆಪ್ ಡೌನ್ ಡಬ್ಬಿಗೆ ಹೋಗೂ 230ರ ಲೈನಿನೊಳಗ 60 ವ್ಯಾಟಿನ ಹಳೇ ತಂತಿ ಬಲ್ಬ್ ಸೀರೀಸ್ ಹಾಕು. ಬಲ್ಬ್ ಒಮ್ಮೆ ಮಿಣಕ್ ಅಂದು ಮಂದ ಆದ್ರ ಸರಿ. ಪೂರ್ತಿ ಉರದ್ರ ಒಳಗ ಶಾರ್ಟ್ ಐತಿ, ತಕ್ಷಣ ತಗಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕ ಬರೂದಿಲ್ಲ.

ಗೋಕಾಕ_ಮೈಕ್

ಇಷ್ಟೆಲ್ಲಾ ಯಾಕ ಬೇಕ್ರಿ? ಅದ ಕಂಪನಿಯವರು 2022ರಾಗ ಆರ್‌ಇ-202 ಅಂತ ಕಾಲಿಂದ ಒತ್ತೂ ಎಕೋ ಪೆಡಲ್ ತಂದಾರ. ಹೆಡ್ ಒರಸೂದಿಲ್ಲ, ಟೇಪ್ ಹುಡುಕೂದಿಲ್ಲ, ಚೀಲದಾಗ ಹಾಕೊಂಡ ಹೋಗೂದು. ಕಾರ್ಯಕ್ರಮದ ನಡುವ ಟೇಪ್ ಹರದ್ರ ಏನ್ ಮಾಡಾವ್ರು?

ಜಮಖಂಡಿ_ಕೀಬೋರ್ಡ್

ಕಾರ್ಯಕ್ರಮಕ್ಕ ಪೆಡಲ್ ಒಯ್ರಿ, ಯಾರೂ ಬ್ಯಾಡ ಅನ್ನೂದಿಲ್ಲ. ಆದ್ರ ಅದು ಇದರ ನಕಲು, ಅಸಲು ನಮ್ಮ ಊರಾಗ ಇದ್ದಾಗ ಅದನ್ನ ಡಿಜಿಟಲ್ ಡಬ್ಬಿಗೆ ಬದಲಿ ಕೊಡೂದು ಯಾವ ಲೆಕ್ಕ? ನಾ ಆರ್ಕೆಸ್ಟ್ರಾದಾಗ ಬಾರಿಸ್ತಿದ್ದಾಗ ಹಾಡವ್ರ ಬಾಜು ಇಂಥಾದ್ದ ಒಂದು ಇರತಿತ್ತು. ಹಾಡಿನ ಕಡೀ ಸಾಲಿಗೆ ಎಕೋ ಹಿಡಿಯಾಂವ ರಿಪೀಟ್ ರೇಟ್ ಸಾವಕಾಶ ತಿರುವಿದ್ರ ದನಿ ಕೆಳಗ ಇಳಕೋತ ಹೋಗತಿತ್ತು. ಇಂಟೆನ್ಸಿಟಿ ಏರಿಸಿದ್ರ ಎಕೋದ ಮ್ಯಾಲ ಎಕೋ ಕೂತು ತಾನ ಕೂಗಾಕ ಹತ್ತತಿತ್ತು. ಆ ಮನಷ್ಯಾ ವಾದ್ಯ ನುಡಿಸಾವ್ರ ಸಾಲಿನ್ಯಾಗ ಒಬ್ಬ ಅಂತ ನಾವೆಲ್ಲಾ ತಿಳದಿದ್ವಿ, ಪಗಾರನೂ ಹಂಗ ಇತ್ತು.

ಟೇಪಿನ ಎಕೋ ಒಂದೊಂದು ಸಲ ಮರಳಿ ಬಂದಾಗೂ ಮ್ಯಾಲಿನ ತೀಕ್ಷ್ಣತೆ ಸ್ವಲ್ಪ ಕಳಕೋತೈತಿ. ಅದಕ್ಕ ಅದು ಹಾಡವ್ರ ಮಾತಿನ ಮ್ಯಾಲ ಹತ್ತೂದಿಲ್ಲ, ಹಿಂದ ನಿಲ್ಲತೈತಿ. ಅಗ್ಗದ ಡಿಜಿಟಲ್ ಎಕೋ ಅಕ್ಷರ ಅಕ್ಷರ ಮರಳಿ ಉಗುಳತೈತಿ, ಹಾಡಿನ ಸಾಹಿತ್ಯ ತಿಳಿಯೂದಿಲ್ಲ.

ಹಾಡುಗಾತಿ_ಅಥಣಿ

ಕೀಬೋರ್ಡ್ ಅಣ್ಣಾರು ಹೇಳಿದ್ದು ಹಾಡವ್ರಿಗೆ ಚೆನ್ನಾಗಿ ತಿಳೀತದ. ನಾ ಭಜನಿ, ಸುಗಮ ಸಂಗೀತ ಎರಡೂ ಹಾಡ್ತೀನಿ. ಊರೊಳಗಿನ ಸೌಂಡಿನವರು ಎಲ್ಲಾ ಹಾಡಿಗೂ ಒಂದ ಎಕೋ ಇಟ್ಟು ಹೋಗಿಬಿಡ್ತಾರ. ಲಯಕ್ಕ ಹೊಂದದ ಎಕೋ ಕಿವಿಯೊಳಗ ಬಿದ್ರ ತಾಳ ಜಾರ್ತದ. ಲೆಕ್ಕ ಕಷ್ಟದ್ದಲ್ಲ. ನಿಮಿಷಕ್ಕ 120 ಮಾತ್ರಿ ಹೋಗೂ ಹಾಡಿಗೆ ಒಂದು ಮಾತ್ರಿ 500 ಮಿಲಿಸೆಕೆಂಡ್. ಅರ್ಧ ಮಾತ್ರಿ 250. ಎಕೋ 250ಕ್ಕ ಇಟ್ರ ತಬಲಾದ ಜೋಡಿ ಕೂಡ್ತದ, 300ಕ್ಕ ಇಟ್ರ ಎಳದಾಡ್ತದ. ವಿಲಂಬಿತದೊಳಗ ನನಗ ಎಕೋನೇ ಬ್ಯಾಡ, ಸ್ವಲ್ಪ ರಿವರ್ಬ್ ಸಾಕು.

ನಮ್ಮ ಜಿಲ್ಲಾದ ಸುಳೇಭಾವಿಯೊಳಗ ಹುಟ್ಟಿದ ಕುಮಾರ ಗಂಧರ್ವರ ರೆಕಾರ್ಡಿಂಗ್ ಕೇಳ್ರಿ, ತಂಬೂರಿಯ ನಾದ ಹೆಂಗ ಸುತ್ತ ತುಂಬಿಕೊಂಡಿರ್ತದ. ಶ್ರುತಿ ಕೂಡಿದ ತಂಬೂರಿ ಇದ್ದಲ್ಲಿ ಮಷೀನು ಏನೂ ಕೊಡಬೇಕಾಗಿಲ್ಲ. ಎಕೋ ಯಾವ ಹಾಡಿಗೆ ಬೇಕು, ಯಾವುದಕ್ಕ ಬ್ಯಾಡ, ಅದನ್ನ ತಿಳದವ್ರ ಕೈಯಾಗ ಇರಬೇಕು.

ವಿಜಾಪುರ_ಸೌಂಡ್

ಅಕ್ಕಾವ್ರ, ನೀವು ಹೇಳೂದು ಒಪ್ಪಿದೆ. ಆದ್ರ ಸೌಂಡಿನವರ ಕಡೆಯಿಂದನೂ ಒಂದು ಮಾತು ಕೇಳ್ರಿ. ಈಗಿನ ಮಿಕ್ಸರ್, ಎಕೋ ಆಂಪ್ಲಿಫೈಯರ್ ಬಹಳಷ್ಟರೊಳಗ ಪಿಟಿ2399 ಅನ್ನೂ ಒಂದ ಐಸಿ ಇರ್ತದ. ಸುಮಾರು 30ರಿಂದ 340 ಮಿಲಿಸೆಕೆಂಡ್ ತನಕ ಮಾಡ್ತದ, ಎಕೋ ಉದ್ದ ಮಾಡಿದಷ್ಟು ಕರಕರ ಜಾಸ್ತಿ ಆಗ್ತದ. ಮುಂದಿನ ಪ್ಯಾನೆಲ್ ಮ್ಯಾಲ ಅಂಕಿ ಇರೂದಿಲ್ಲ, ಬರೇ ಒಂದು ನಾಬ್. ಸೌಂಡಿನ ಹುಡುಗ 250 ಎಲ್ಲಿ ಅಂತ ಹುಡುಕೂದು ಹೆಂಗ? ಕಿವಿಯಿಂದ ಮಾಡಬೇಕು, ಅದಕ್ಕ ಹಾಡವ್ರು ಸೌಂಡ್ ಚೆಕ್ಕಿಗೆ ಬರಬೇಕು. ಬರೂದಿಲ್ಲ.

ಹಾಡುಗಾತಿ_ಅಥಣಿ

ಕರದ್ರ ಬರ್ತೀವಿ. ನೀವು ಕರಿಯೂದು ಪ್ರೇಕ್ಷಕರು ಕೂತ ಮ್ಯಾಲ.

ಬೆಂಜೋ_ನಿಪ್ಪಾಣಿ

ಎಕೋ ಬಗ್ಗೆ ಮಾತಾಡಾಕತ್ತೀರಿ, ವಿಜಾಪುರದವರು ಗೋಳಗುಮ್ಮಟದ ಹೆಸರ ತಗೀಲಿಲ್ಲ. ಅದು ಎಷ್ಟು ಮಿಲಿಸೆಕೆಂಡ್?

ವಿಜಾಪುರ_ಸೌಂಡ್

ಕೇಳಿದ್ದಕ್ಕ ಹೇಳ್ತೀನಿ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಮ್ಯಾಲಿನ ಪಿಸುಗುಟ್ಟುವ ಗ್ಯಾಲರಿಯೊಳಗ ಗೋಡಿಗೆ ಹತ್ತಿ ನಿಂತು ಚಪ್ಪಾಳಿ ತಟ್ಟಿದ್ರ ಎದುರಿನ ಗೋಡಿಗೆ ಹೋಗಿ ಬರ್ಲಿಕ್ಕೆ 76 ಮೀಟರ್. ನಮ್ಮ ಕಡೆ ಬಿಸಿಲಿಗೆ ದನಿಯ ವೇಗ ಸೆಕೆಂಡಿಗೆ 350 ಮೀಟರಿನ ಹತ್ರ ಇರ್ತದ. ಅಂದ್ರ 220 ಮಿಲಿಸೆಕೆಂಡ್.

ಫಜ್_ಬಾಗಲಕೋಟ

ಅದು ನೇರ ಹೋಗಿಬರುವ ದನಿಯ ಲೆಕ್ಕ. ಗ್ಯಾಲರಿಯಲ್ಲಿ ಪಿಸುಮಾತು ಕೇಳಿಸುವುದು ದನಿ ಬಾಗಿದ ಗೋಡೆಗೆ ಅಂಟಿಕೊಂಡು ಓಡುವುದರಿಂದ. ಪೂರ್ತಿ ಸುತ್ತು ಸುಮಾರು 119 ಮೀಟರ್, ಅಂದರೆ 340 ಮಿಲಿಸೆಕೆಂಡ್. ಹಾಗಾಗಿ ಅಲ್ಲಿ ಕೇಳಿಸುವುದು ಒಂದೇ ಎಕೋ ಅಲ್ಲ, ಹಲವು ಅಂತರದವು ಒಟ್ಟಿಗೆ. ಸ್ಪೇಸ್ ಎಕೋದಲ್ಲಿ ಎರಡು ಮೂರು ಹೆಡ್ ಕೂಡಿಸುವ ಮೋಡ್ ಇಟ್ಟರೆ ಆಗುವುದೂ ಅದೇ.

ವಿಜಾಪುರ_ಸೌಂಡ್

ಇದು ಚಂದ ಹೇಳಿದ್ರಿ. ಮುಂಜಾನೆ ಬಾಗಿಲಾ ತೆರೆದ ಕೂಡಲೇ ಹೋಗ್ರಿ, ಜನ ಇಲ್ಲದಾಗ ಒಂದೊಂದು ಮರುದನಿನೂ ಬಿಡಿಬಿಡಿ ಎಣಸಬಹುದು. 1656ರ ಕಟ್ಟಡ, ಹೆಡ್ ಒರಸೂ ಕೆಲಸ ಇಲ್ಲ.

ಅಡ್ಮಿನ್

ಗುಮ್ಮಟಕ್ಕ ಬ್ಯಾರೆ ಎಳಿ ತೆರೀರಿ ದಯಮಾಡಿ. ಇಲ್ಲೆ ತಂತಿ ಅವರ ಮಷೀನು.

ತಿಳಕವಾಡಿ_ತಂತಿ

ಹೆಡ್ ಒರಸಿದ್ನಿ ಕಾಕಾ! ಕಡ್ಡಿ ಪೂರ್ತಿ ಕಂದು. ಎರಡನೇ ಪ್ಲೇಬ್ಯಾಕ್ ಹೆಡ್ಡಿನ ಮ್ಯಾಲ ಪದರ ಕಟ್ಟಿತ್ತು. ಈಗ ಎಕೋ ಸ್ಪಷ್ಟ ಬರಾಕತ್ತೈತಿ, ಮೂರೂ ಹೆಡ್. ಅಂಗಡಿಯವರು ಹೋಗೇತಿ ಅಂದ ಬೋರ್ಡಿಗೆ ನಾ ಕೈನೂ ಹಚ್ಚಿಲ್ಲ.

ಎರಡು ತೊಂದ್ರಿ ಉಳದಾವು. ಒಂದು, ಅಲುಗಾಟ ಹಂಗ ಐತಿ, ಒಂದ ಸಮ ಲಯದಾಗ ವೂಂ ವೂಂ ಅಂತೈತಿ. ಎರಡು, ಗಿಟಾರ್ ನಿಲ್ಲಿಸಿದ ಮ್ಯಾಲೂ ಸ್ವಲ್ಪ ಹೊತ್ತಿಗೆ ಒಮ್ಮೆ ಹಿಂದ ಬಾರಿಸಿದ್ದು ಸಣ್ಣಾಗಿ ಕೇಳಸ್ತೈತಿ. ಇಂಟೆನ್ಸಿಟಿ ಸೊನ್ನಿ ಇದ್ರೂ.

ಸೋಲ್ಡರ್_ಕಾಕಾ

ಶಾಬ್ಬಾಸ್. ಎರಡನೇದು ಇರೇಸ್ ಹೆಡ್ಡಿನ ಕೆಲಸ. ಟೇಪಿನ ಬಳಿ ಒಂದು ಸುತ್ತು ಹಾಕಿ ಬಂದಾಗ ಹಿಂದಿನ ದನಿ ಅಳಿಸಿರಬೇಕು, ಅಳಿಸಿಲ್ಲ. ರೆಕಾರ್ಡಿಗೆ ಬಯಾಸ್ (ದನಿ ಒಡೀದಂಗ ಟೇಪಿಗೆ ಹತ್ತಾಕ ಬೇಕಾದ ಕರೆಂಟ್), ಇರೇಸಿಗೆ ಅಳಿಸೂ ಕರೆಂಟ್ ಎರಡನ್ನೂ ಆಸಿಲೇಟರ್ ಅನ್ನೂ ಸರ್ಕಿಟ್ ಕೊಡತೈತಿ. ಆಸಿಲೇಟರ್ ಸತ್ತಿದ್ರ ಎಕೋನ ಒಡದ ಒಡದ ಬರತಿತ್ತು. ನಿನಗ ಸ್ಪಷ್ಟ ಬರಾಕತ್ತೈತಿ ಅಂದ್ರ ಅದು ಜೀವಂತ ಐತಿ. ಇರೇಸ್ ಹೆಡ್ಡಿಗೆ ಹೋಗೂ ವೈರಿನ ಬೆಸುಗೆ ನೋಡು. ಡ್ರೈ ಸೋಲ್ಡರ್ ಆದಲ್ಲಿ ಬೆಸುಗೆಯ ಸುತ್ತ ಸಣ್ಣ ಉಂಗುರದಂಗ ಬಿರುಕು ಕಾಣತೈತಿ, ಮಿಂಚು ಹೋಗಿ ಬೂದಿ ಬಣ್ಣ ಆಗಿರತೈತಿ. ಮಷೀನ್ ಬಂದ್ ಮಾಡಿ, ಪ್ಲಗ್ ಕಿತ್ತು, 25 ವ್ಯಾಟಿನ ಐರನ್ ಸಾಕು. ಹಿತ್ತಾಳಿ ಬೆಸಿಯೂ ಅಂಗಡಿಯ ಆಸಿಡ್ ಪೇಸ್ಟ್ ಹಚ್ಚಬ್ಯಾಡ, ಮುಂದ ವೈರ್ ತಿಂದ ಹಾಕತೈತಿ.

ಒಂದನೇದು ಪಿಂಚ್ ರೋಲರ್.

ಉದ್ಯಮಬಾಗ_ಲೇತ್

ರೋಲರ್ ಅಂದ್ರ ನಾ ಬರತೀನಿ. ಫೋಟೋ ಹಾಕ್ರಿ. ರಬ್ಬರ್ ಮಿಂಚಾಕತ್ತಿದ್ರ, ಉಗುರು ಒತ್ತಿದ್ರ ಗುರ್ತ ಬೀಳದಿದ್ರ ಅದು ಗಟ್ಟಿ ಆಗೇತಿ. ಎಷ್ಟೋ ವರ್ಷ ಮಷೀನ್ ಬಂದ್ ಇದ್ದಾಗ ಕ್ಯಾಪ್‌ಸ್ಟನ್ ಒಂದ ಜಾಗಾಕ್ಕ ಒತ್ತಿಕೊಂಡ ಕೂತಿದ್ರ ಅಲ್ಲೆ ತಗ್ಗು ಬಿದ್ದಿರತೈತಿ. ಸುತ್ತಿಗೊಮ್ಮೆ ಆ ತಗ್ಗು ಬಂದಾಗ ವೂಂ.

ತಿಳಕವಾಡಿ_ತಂತಿ

ಹೌದ್ರಿ, ತಗ್ಗು ಐತಿ! ಬೆರಳಿಗೆ ಹತ್ತತೈತಿ. ಇದರ ವ್ಯಾಸ ಎಷ್ಟಿರಬೇಕು ಅಂತ ಹುಡುಕಾಕತ್ತೀನಿ, ಎಲ್ಲೂ ಸಿಗವಲ್ದು. ಪಾಯಿಂಟ್ ಹೆಚ್ಚುಕಡಿಮಿ ಆದ್ರ ವೇಗ ಬದಲಾಗತೈತಲ್ಲ.

ಉದ್ಯಮಬಾಗ_ಲೇತ್

ಆಗೂದಿಲ್ಲ. ಟೇಪನ್ನ ಎಳಿಯೂದು ಕ್ಯಾಪ್‌ಸ್ಟನ್. ವೇಗ ನಿರ್ಧಾರ ಆಗೂದು ಕ್ಯಾಪ್‌ಸ್ಟನ್ನಿನ ವ್ಯಾಸ, ಅದು ತಿರಗೂ ವೇಗ ಎರಡರಿಂದ. ರಬ್ಬರ್ ರೋಲರ್ ಬರೇ ಟೇಪನ್ನ ಅದಕ್ಕ ಒತ್ತಿ ಹಿಡಿಯೂ ಕೆಲಸ ಮಾಡತೈತಿ. ಅರ್ಧ ಮಿಲಿಮೀಟರ್ ಸಣ್ಣಾದ್ರ ಸ್ಪ್ರಿಂಗ್ ತಾನ ಸರಿದೂಗಸತೈತಿ. ಆದ್ರ ಗುಂಡು ಅಂದ್ರ ಗುಂಡು ಇರಬೇಕು, ನಡುವಿನ ಬೇರಿಂಗಿಗೂ ಹೊರಗಿನ ರಬ್ಬರಿಗೂ ಕೇಂದ್ರ ಒಂದ ಇರಬೇಕು. ಎಸೆತ ಇದ್ರ ಮತ್ತ ವೂಂ ವೂಂ.

ರಬ್ಬರಿಗೆ ಲೇತಿನ ಟೂಲ್ ಹಚ್ಚಿದ್ರ ಹರಿತೈತಿ, ಜಗ್ಗತೈತಿ. ಗ್ರೈಂಡಿಂಗ್ ವ್ಹೀಲ್ ಬೇಕು, ಕಟ್ ಭಾಳ ಸಣ್ಣದು ತಗೋಬೇಕು. ತಗ್ಗು ಕಡಿಮಿ ಇದ್ರ ಇದ್ದ ರೋಲರನ್ನ ಗ್ರೈಂಡ್ ಮಾಡಿ ಹೊಸಾ ಮಾರಿ ತಗೀಬಹುದು. ಗಟ್ಟಿ ಆಗಿದ್ರ ಹಳೇ ರಬ್ಬರ್ ತಗದು ಅದ ಲೋಹದ ಬುಷ್ ಮ್ಯಾಲ ಹೊಸಾ ರಬ್ಬರ್ ಹಚ್ಚಿಸಿ ಗ್ರೈಂಡ್ ಮಾಡೂದು. ಉದ್ಯಮಬಾಗದಾಗ ಹೈಡ್ರಾಲಿಕ್ ಸಾಮಾನ, ಎರಕದ ಸಾಮಾನ ಮಾಡೂ ಊರಿಗೆ ಇದು ದೊಡ್ಡದಲ್ಲ. ಲೋಹದ ಬುಷ್ ಒಗೀಬ್ಯಾಡ್ರಿ, ಮುಖ್ಯ ಅದ.

ಗೋಕಾಕ_ಮೈಕ್

ಒಂದು ರಬ್ಬರ್ ತುಂಡಿಗೆ ಗ್ರೈಂಡಿಂಗ್ ಖರ್ಚು, ಟೇಪ್ ತರಸೂ ಖರ್ಚು. ಕೂಡಿಸಿ ನೋಡ್ರಿ, ಹೊಸಾ ಪೆಡಲ್ ಬರತೈತಿ.

ಉದ್ಯಮಬಾಗ_ಲೇತ್

ಬರೂದಿಲ್ಲ. ಹೊಸಾ ಪೆಡಲಿನ ಬೆಲಿ ನೋಡಿ ಮಾತಾಡ್ರಿ. ಆ ಗ್ರೈಂಡಿಂಗ್ ಖರ್ಚು ನಿಮ್ಮ ಪೆಡಲಿನ ಅಡಾಪ್ಟರಿಗೂ ಸಾಲೂದಿಲ್ಲ.

ಬೆಂಜೋ_ನಿಪ್ಪಾಣಿ

ಅಡಾಪ್ಟರ್ ಅಂದಿದ್ದಕ್ಕ ನಂದೊಂದು ಪ್ರಶ್ನೆ. ನಮ್ಮ ಬೆಂಜೋ ಪಾರ್ಟಿಯೊಳಗ ಬಾಸ್ ಕಂಪನಿಯ ಡಿಎಂ-2 ಎಕೋ ಪೆಡಲ್ ಐತಿ, ಹಳೇದು. ಬ್ಯಾಟರಿ ಹಾಕಿದ್ರ ಚಂದ, 9 ವೋಲ್ಟಿನ ಅಡಾಪ್ಟರ್ ಹಾಕಿದ್ರ ಲೈಟ್ ಮಂದ, ಎಕೋ ಸೊರಗಿದಂಗ. ಐಸಿ ಹೋಗೇತೇನು?

ಫಜ್_ಬಾಗಲಕೋಟ

ಐಸಿ ಹೋಗಿಲ್ಲ. ಹಿಂದೆ ಎಸಿಎ ಅಡಾಪ್ಟರ್ ಅಂತ ಬರೆದಿದೆಯಾ ನೋಡಿ. ಆ ಕಾಲದ ಬಾಸ್ ಪೆಡಲ್‌ಗಳು ರೆಗ್ಯುಲೇಟ್ ಮಾಡದ, ಸುಮಾರು 12 ವೋಲ್ಟ್ ಕೊಡುವ ಅಡಾಪ್ಟರಿಗೆ ಮಾಡಿದವು. ಒಳಗೆ ಅದನ್ನು 9ಕ್ಕೆ ಇಳಿಸುವ ಭಾಗ ಇದೆ. ನೀವು 9 ಕೊಟ್ಟರೆ ಅದು ಮತ್ತೂ ಇಳಿಸುತ್ತದೆ. ಹಿಂದೆ ಪಿಎಸ್‌ಎ ಎಂದು ಬರೆದದ್ದಕ್ಕೆ ಮಾತ್ರ ನೇರ 9. ಪಿಎಸ್‌ಎ ಪೆಡಲಿಗೆ 12 ಕೊಡಬೇಡಿ ಮತ್ತೆ. ಎರಡರಲ್ಲೂ ಪ್ಲಗ್ಗಿನ ನಡುವೆ ಮೈನಸ್.

ಡಿಎಂ-2 ಒಳ್ಳೆಯ ಪೆಡಲ್, ಜೋಪಾನ. ಅದರೊಳಗಿನದು ಬಕೆಟ್ ಬ್ರಿಗೇಡ್ ಐಸಿ. ಫಿಲಿಪ್ಸ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಕಲ್ಪನೆ. ದನಿಯನ್ನು ಅಂಕಿ ಮಾಡುವುದಿಲ್ಲ, ಬೆಂಕಿ ನಂದಿಸಲು ಸಾಲಾಗಿ ನಿಂತವರು ಕೊಡ ದಾಟಿಸುವಂತೆ ಒಂದು ಸಣ್ಣ ಕೆಪಾಸಿಟರಿನಿಂದ ಇನ್ನೊಂದಕ್ಕೆ ಚಾರ್ಜ್ ದಾಟಿಸುತ್ತದೆ. ಎಂಎನ್3005ರಲ್ಲಿ 4096 ಹಂತ. ಹಂತದ ಸಂಖ್ಯೆಯನ್ನು ಕ್ಲಾಕ್ ವೇಗದ ಎರಡು ಪಟ್ಟಿನಿಂದ ಭಾಗಿಸಿದರೆ ತಡ ಬರುತ್ತದೆ. 10 ಕಿಲೋಹರ್ಟ್ಸ್ ಕ್ಲಾಕಿಗೆ ಸುಮಾರು 205 ಮಿಲಿಸೆಕೆಂಡ್. ಮೊದಲಿನ ಡಿಎಂ-2ಗಳಲ್ಲಿ 3005, ಆಮೇಲಿನವಲ್ಲಿ 3205. ಇವೆರಡಕ್ಕೆ ಬೇಕಾದ ವೋಲ್ಟೇಜೇ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹಾಕಿ ಸುಟ್ಟವರಿದ್ದಾರೆ.

ಬೆಂಜೋ_ನಿಪ್ಪಾಣಿ

ಎಸಿಎ ಅಂತನ ಐತಿ! ಭಾಳ ಉಪಕಾರ ಆತು. ಒಬ್ಬರು ಐಸಿ ಬದಲಿ ಮಾಡೂಣು ಅಂತ ಬಿಚ್ಚಾಕ ಕೂತಿದ್ರು.

ಜಮಖಂಡಿ_ಕೀಬೋರ್ಡ್

ನಿಮ್ಮ ಬೆಂಜೋ ಎಕೋ ಹಾಕಿ ಗಣಪತಿ ಮೆರವಣಿಗ್ಯಾಗ ಕೇಳೀನಿ. ಫಾಸ್ಟ್ ಗತ್ತಿಗೆ ಎಕೋ ಕಡಿಮಿ ಮಾಡ್ರಿ, ಸ್ವರ ಸ್ವರಕ್ಕ ಹಾಯತಾವು.

ಬೆಂಜೋ_ನಿಪ್ಪಾಣಿ

ರಸ್ತಾದಾಗ ಜನಕ್ಕ ಅದ ಬೇಕಣ್ಣಾ.

ಫಜ್_ಬಾಗಲಕೋಟ

ಹಳೇ ಭಾಗಗಳ ಮಾತು ಬಂದಿದ್ದರಿಂದ ಕಾಕಾ ಅವರಿಗೆ ಕೇಳುತ್ತೇನೆ. ಬೆಂಗಳೂರಿನ ಬಿಇಎಲ್ ಮಾಡಿದ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ನಿಮ್ಮ ಹತ್ತಿರ ಇವೆಯಾ? ಹಳೇ ರೇಡಿಯೋಗಳಲ್ಲಿ ಬರುತ್ತಿದ್ದವಲ್ಲ. ಅವುಗಳಿಂದ ಫಜ್ ಫೇಸ್ ಮಾದರಿಯ ಫಜ್ (ಗಿಟಾರಿನ ದನಿಯನ್ನು ಬೇಕೆಂದೇ ಒಡೆಯುವ ಪೆಡಲ್) ಕಟ್ಟುತ್ತಿದ್ದೇನೆ. ಮೂಲ ಫಜ್ ಫೇಸ್ 1966ರದು, ಅದರಲ್ಲೂ ಜರ್ಮೇನಿಯಂ ಪಿಎನ್‌ಪಿ. ನಮ್ಮ ಬಿಇಎಲ್‌ನವು ಅದಕ್ಕೆ ಚೆನ್ನಾಗಿ ಕೂಡುತ್ತವೆ. ವಿದೇಶದವರು ಹಳೇ ಎಸಿ128 ಎಂದರೆ ಹುಡುಕಿಕೊಂಡು ಬರುವಾಗ ನಾವು ರೇಡಿಯೋ ಗುಜರಿಗೆ ಹಾಕುತ್ತಿದ್ದೇವೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೋಲ್ಡರ್_ಕಾಕಾ

ಅದಾವು, ಡಬ್ಬಿ ತುಂಬ. ಆದ್ರ ನಿಮ್ಮ ಬಾಗಲಕೋಟಿ ಬಿಸಲಾಗ ಹ್ಯಾಂಗ ನಡಸ್ತಿ? ಜರ್ಮೇನಿಯಂ ಕಾವಿಗೆ ಸೋರತೈತಿ. ಹತ್ತ ಡಿಗ್ರಿ ಏರಿದ್ರ ಲೀಕೇಜ್ ಹೆಚ್ಚೂಕಡಿಮಿ ಎರಡ ಪಟ್ಟ. ಏಪ್ರಿಲ್ ಮೇದಾಗ 40 ಡಿಗ್ರಿ ಒಳಗ ವೇದಿಕಿ ಮ್ಯಾಲ ಇಟ್ರ ಬಯಾಸ್ ಸರದು ದನಿ ಉಸರ ಕಟ್ಟಿದಂಗ ಆಕ್ಕೈತಿ.

ಫಜ್_ಬಾಗಲಕೋಟ

ನಿಜ, ಚಳಿಗಾಲದಲ್ಲಿ ಹಿಡಿದಿಟ್ಟ ದನಿ ಬೇಸಿಗೆಯಲ್ಲಿ ಇರುವುದಿಲ್ಲ. ಅದಕ್ಕೆ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ರೆಸಿಸ್ಟರಿನ ಜಾಗಕ್ಕೆ ಟ್ರಿಮ್ ಪಾಟ್ ಹಾಕಿ, ಹೊರಗಿನಿಂದ ತಿರುವುವ ಹಾಗೆ ಮಾಡಿದ್ದೇನೆ. ಕಲೆಕ್ಟರಿನಲ್ಲಿ ನಾಲ್ಕೂವರೆ ವೋಲ್ಟಿನ ಆಸುಪಾಸು ಇಟ್ಟರೆ ದನಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಪಿಎನ್‌ಪಿ ಇರುವುದರಿಂದ ಪಾಸಿಟಿವ್ ಅರ್ಥ್. ಕಟ್ಟುವವರು ಗಮನಿಸಿ, ಬೇರೆ ಪೆಡಲ್‌ಗಳ ಅಡಾಪ್ಟರ್ ಇದಕ್ಕೆ ಹಂಚಬೇಡಿ, ಶಾರ್ಟ್ ಆಗುತ್ತದೆ. ಬ್ಯಾಟರಿಯೇ ಸರಿ.

ಸೋಲ್ಡರ್_ಕಾಕಾ

ವಿಚಾರ ಮಾಡಿ ಕಟ್ಟೀದಿ. ಗೋಕಾಕಿಗೆ ಬಾ, ಲೀಕೇಜ್ ಕಡಿಮಿ ಇದ್ದವನ್ನ ಆರಿಸಿ ಕೊಡ್ತೀನಿ. ರೊಕ್ಕ ಬ್ಯಾಡ.

ತಿಳಕವಾಡಿ_ತಂತಿ

ಮತ್ತ ಬಂದೀನಿ. ಇರೇಸ್ ಹೆಡ್ಡಿನ ವೈರಿಗೆ ಕಾಕಾ ಹೇಳಿದಂಗ ಬಿರುಕಿನ ಉಂಗುರ ಇತ್ತು. ಮತ್ತ ಬೆಸದೀನಿ, ಹಿಂದಿನ ದನಿ ಈಗ ಪೂರ್ತಿ ಅಳಸ್ತೈತಿ. ರೋಲರ್ ಲೇತ್ ಅಣ್ಣಾರ ಕಡೆ ಗ್ರೈಂಡ್ ಆಗಿ ಬಂತು, ಅಲುಗಾಟ ಹೋತು. ನೆಟ್ಟಗ ನಿಂತ ದನಿ. ದೊಡ್ಡಪ್ಪಾರು ಬಂದು ಮೈಕ್ ಹಿಡದು ತಾವ ನಾಬ್ ತಿರುವಿದ್ರು, ರಾತ್ರಿ ಉಣ್ಣಾಕ ಕರದ್ರೂ ಏಳಲಿಲ್ಲ. ಕೊಡೂ ಮಾತು ಮನ್ಯಾಗ ಈಗ ಯಾರೂ ತಗಿಯೂದಿಲ್ಲ.

ಇನ್ನ ಟೇಪ್ ಅಷ್ಟ. ಇದ್ದದ್ದು ಸವದೈತಿ. ಮನ್ಯಾಗ ಹಳೇ ಸ್ಪೂಲ್ ಅದಾವು, ಕಾಲಿಂಚಿನವು. ಅದರಿಂದ ಕತ್ತರಿಸಿ ಬಳಿ ಮಾಡಬಹುದೇನು?

ಸೋಲ್ಡರ್_ಕಾಕಾ

ಮಾಡಬಹುದು, ಆದ್ರ ಸ್ಪೂಲ್ ನೋಡಿ ಮಾಡು. ಎಪ್ಪತ್ತು ಎಂಬತ್ತರ ದಶಕದ ಕೆಲವು ಟೇಪಿನ ಅಂಟು ಗಾಳಿಯ ತೇವ ಹೀರಿ ಜಿಗಟ ಆಗಿರತೈತಿ. ಮುಟ್ಟಿದ್ರ ಅಂಟತೈತಿ, ಓಡಿಸಿದ್ರ ಕಿರ್ ಅಂತೈತಿ, ಹೆಡ್ಡಿಗೆಲ್ಲಾ ಮೆತ್ತತೈತಿ. ಅಂಥಾದ್ದು ಬ್ಯಾಡ. ಚೊಲೊ ಇದ್ರ ಹಳೇ ಬಳಿಯ ಉದ್ದಕ್ಕನ ಅಳದು, 45 ಡಿಗ್ರಿ ಓರೆ ಕತ್ತರಿಸಿ, ಹಿಂಬದಿಗೆ ಸ್ಪ್ಲೈಸಿಂಗ್ ಟೇಪ್ ಹಚ್ಚು. ನೆಟ್ಟಗ ಅಡ್ಡ ಕತ್ತರಿಸಿದ್ರ ಜೋಡಣಿ ಬಂದಾಗೊಮ್ಮೆ ಟಪ್ ಅಂತೈತಿ. ಸೆಲೋಟೇಪ್ ಹಚ್ಚಿದ್ರ ಅಂಟು ಹೊರಗ ಬಂದು ಪದರಿಗೆ ಪದರು ಕೂಡತೈತಿ. ಬ್ಲೇಡಿಗೆ ಮ್ಯಾಗ್ನೆಟ್ ಹಿಡದಿರಬಾರದು, ಅದೂ ಟಪ್ ಅನಸ್ತೈತಿ.

ಜಮಖಂಡಿ_ಕೀಬೋರ್ಡ್

ಸ್ಪೂಲ್ ಕತ್ತರಿಸೂ ಮೊದಲ ಅದರಾಗ ಏನೈತಿ ಕೇಳ್ರಿ! ಆರ್ಕೆಸ್ಟ್ರಾದವರ ಮನಿಯ ಸ್ಪೂಲ್ ಅವು. ಕಾರ್ಯಕ್ರಮದ ರೆಕಾರ್ಡಿಂಗ್ ಇದ್ರ ಮತ್ತ ಸಿಗೂದಿಲ್ಲ. ಎಕೋಕ್ಕ ಹೊಸಾ ಬಳಿ ತರಸ್ರಿ, ಆರ್‌ಟಿ-1ಎಲ್ ಅಂತ ಹೆಸರಿನ ಮ್ಯಾಲ ಕೇಳ್ರಿ.

ಹಾಡುಗಾತಿ_ಅಥಣಿ

ಹೌದು, ದಯಮಾಡಿ ಕತ್ತರಿಸಬ್ಯಾಡ್ರಿ. ಸ್ಪೂಲ್ ಪ್ಲೇಯರ್ ಯಾರ ಹತ್ರ ಅದ?

ವಿಜಾಪುರ_ಸೌಂಡ್

ನನ್ನ ಹತ್ರ ಒಂದು ಅದ, ಬೆಲ್ಟ್ ಕರಗಿ ಡಾಂಬರ ಆಗ್ಯದ. ಹೊಸಾ ಬೆಲ್ಟ್ ಹಾಕಿದ್ರ ನಡೀತದ. ತಂತಿ ಅವರ, ಸ್ಪೂಲಿನ ಡಬ್ಬಿ ಮ್ಯಾಲ ವೇಗ ಏನರೆ ಬರದಾರೇನು? ಸೆಕೆಂಡಿಗೆ ಮೂರೂಮುಕ್ಕಾಲು ಇಂಚೋ, ಏಳೂವರೆಯೋ? ನನ್ನದು ಎರಡೂ ಓಡ್ತದ. ಟ್ರ್ಯಾಕ್ ಎರಡೋ ನಾಲ್ಕೋ ಅದೂ ನೋಡಿ ಹೇಳ್ರಿ, ಬೆಲ್ಟ್ ಇವತ್ತ ಹುಡುಕ್ತೀನಿ.

ತಿಳಕವಾಡಿ_ತಂತಿ

ಏಳೂವರೆ ಅಂತ ಪೆನ್ಸಿಲಿಂದ ಬರದಾರ್ರಿ. ಟ್ರ್ಯಾಕ್ ಬರದಿಲ್ಲ, ದೊಡ್ಡಪ್ಪಾರಿಗೆ ಕೇಳಿ ಹೇಳ್ತೀನಿ.